ಅಗಲವಾದ ನೋಟ, ಕಿರಿದಾದ ಕಿಂಡಿ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನಿರ್ಮಿತವಾದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆಯ ವಾಯುಸೇವನೆಗೆ ಬಂದ ಇಬ್ಬರ ನಡುವೆ ನಡೆದ ಮಾತುಕತೆ ಇದು. ಒಬ್ಬರು ಮೈಸೂರಿನ ಕಾಲೇಜೊಂದರಲ್ಲಿ ಬಹುಕಾಲ ಭೌತಶಾಸ್ತ್ರವನ್ನು ಬೋಧಿಸಿ ವಿಶ್ರಾಂತರಾದ ಮೇಷ್ಟ್ರು. ಇನ್ನೊಬ್ಬಾಕೆ ಅವರಲ್ಲಿ ಓದಿ ಈಗ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸುತ್ತಿರುವ ಶಿಷ್ಯೆ. ಕಾಲ ಮಾಘ ಬಹುಳ, ಶಿವರಾತ್ರಿ ಹತ್ತಿರವಾಗಿತ್ತು.

ಶಿಷ್ಯೆ: ಮೇಷ್ಟ್ರೇ, ಬಹುದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿರುವ ಒಂದು ವಿಚಾರವನ್ನು ಇವತ್ತು ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ನನ್ನಲ್ಲಿ ನಿಕಾನ್ ಡಿ5300 ಕ್ಯಾಮರಾ ಇರುವುದು ತಮಗೆ ಗೊತ್ತೇ ಇದೆ. ಅದರ ಜೊತೆಯಲ್ಲಿ ಬಂದ 18–55 ಮಿಲಿಮೀಟರಿನ ಲೆನ್ಸನ್ನು ಬಿಟ್ಟರೆ ಬೇರೊಂದಿಲ್ಲ. ಈ ಕೆರೆ, ಆ ಬೆಟ್ಟ, ಮೇಲಣ ಆಕಾಶ ಇವಿಷ್ಟೂ ಒಂದೇ ಚಿತ್ರದಲ್ಲಿ ಬರಬೇಕು, ರಾತ್ರಿಯಾದರೆ ಆಕಾಶಗಂಗೆಯೂ ಅದರಲ್ಲಿ ತೋರಬೇಕು ಎಂಬುದು ನನ್ನ ಆಸೆ. 25,000 ರೂಪಾಯಿ ಕೂಡಿಟ್ಟಿದ್ದೇನೆ. ಟ್ರೈಪಾಡೂ ಅದರಲ್ಲೇ ಆಗಬೇಕು. ಎಷ್ಟು ಅಗಲವಾದ ಲೆನ್ಸು ಸಿಕ್ಕಿದರೆ ಅಷ್ಟು ಒಳ್ಳೆಯದೆಂದು ಸ್ನೇಹಿತರು ಹೇಳುತ್ತಾರೆ. ತಾವೇನು ಹೇಳುತ್ತೀರಿ?

ಮೇಷ್ಟ್ರು: ಅಗಲ ಒಳ್ಳೆಯದು ಹೌದು, ಆದರೆ ಯಾವುದಕ್ಕೆ ಒಳ್ಳೆಯದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕಮ್ಮ. ಆ ಬೆಟ್ಟವನ್ನೇ ತೆಗೆದುಕೋ. ಚಾಮುಂಡಿಬೆಟ್ಟ ಊರಿನ ನೆಲದಿಂದ ಸುಮಾರು 300 ಮೀಟರ್ ಮೇಲೆದ್ದಿದೆ. ಈ ಏರಿಯಿಂದ ಅದಕ್ಕೆ ನೇರ ದೂರ ಸುಮಾರು 6 ಕಿಲೋಮೀಟರ್. ಅಂದಮೇಲೆ ಎತ್ತರವು ದೂರದ ಇಪ್ಪತ್ತರಲ್ಲಿ ಒಂದು ಪಾಲಾಯಿತು. 10 ಮಿಲಿಮೀಟರ್ ಸಂಗಮದೂರದ ಲೆನ್ಸನ್ನು ಹಾಕಿದರೆ ಆ ಬೆಟ್ಟದ ಬಿಂಬ ಎಷ್ಟು ಎತ್ತರವಾಗಿ ಬೀಳುತ್ತದೆ?

ಶಿಷ್ಯೆ: ಹತ್ತರಲ್ಲಿ ಇಪ್ಪತ್ತನೆಯ ಒಂದು ಪಾಲು, ಅರ್ಧ ಮಿಲಿಮೀಟರ್.

ಮೇಷ್ಟ್ರು: ನಿನ್ನ ಕ್ಯಾಮರಾದ ಸೆನ್ಸರಿನ ಎತ್ತರ ಹದಿನಾರು ಮಿಲಿಮೀಟರಿಗೆ ಕೊಂಚ ಕಡಿಮೆ. ಹಾಗಾದರೆ ಮೈಸೂರಿನ ಯಾವ ಮೂಲೆಯಿಂದ ಕತ್ತೆತ್ತಿದರೂ ಕಣ್ಣು ತುಂಬುವ ಆ ಬೆಟ್ಟ, ಚಿತ್ರದ ಎತ್ತರದಲ್ಲಿ ಮೂವತ್ತನೆಯ ಒಂದು ಪಾಲಿಗೆ ಇಳಿದು, ನೀರಿಗೂ ಆಕಾಶಕ್ಕೂ ನಡುವೆ ಒಂದು ಗೆರೆಯಾಗಿ ಉಳಿಯುತ್ತದೆ. ಅದೇ ಬೆಟ್ಟವನ್ನು ನಿನ್ನಲ್ಲಿರುವ ಲೆನ್ಸಿನ 55ರ ತುದಿಯಲ್ಲಿ ನೋಡಿದರೆ ಚಿತ್ರದ ಆರನೆಯ ಒಂದು ಪಾಲಾದರೂ ಆಗಿ, ಬೆಟ್ಟ ಬೆಟ್ಟದಂತೆ ಕಾಣುತ್ತದೆ. ದೂರದ ಗಿರಿಶ್ರೇಣಿಯ ಗಾಂಭೀರ್ಯವನ್ನು ಹಿಡಿಯಬೇಕೆಂದು ಹಂಬಲಿಸಿ ಅತ್ಯಂತ ಅಗಲವಾದ ಲೆನ್ಸನ್ನು ಕೊಂಡುಕೊಂಡವರು ಮನೆಗೆ ಬಂದು ಚಿತ್ರವನ್ನು ನೋಡಿ, ಗಿರಿ ಎಲ್ಲಿ ಹೋಯಿತೆಂದು ವಿಸ್ಮಯಪಡುವುದು ಇದರಿಂದಲೇ.

ಶಿಷ್ಯೆ: ಹಾಗಾದರೆ ಭೂದೃಶ್ಯಕ್ಕೆ ಈ ಲೆನ್ಸಿನಿಂದ ಪ್ರಯೋಜನವೇ ಇಲ್ಲವೆ?

ಮೇಷ್ಟ್ರು: ಪ್ರಯೋಜನ ಇದೆ, ಬಹಳ ಇದೆ, ಆದರೆ ಅದು ದೂರದಲ್ಲಿಲ್ಲ, ಕಾಲ ಬುಡದಲ್ಲಿದೆ. ಬೆಟ್ಟದ ಮೆಟ್ಟಿಲ ದಾರಿಯಲ್ಲಿ ದೊಡ್ಡ ದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಏಕಶಿಲೆಯಲ್ಲಿ ಕೆತ್ತಿಸಿದ ನಂದಿ ಇದೆಯಲ್ಲ, 16 ಅಡಿ ಎತ್ತರ, 25 ಅಡಿ ಉದ್ದ. ಅದರ ಮೂತಿಯಿಂದ ಎರಡಡಿ ದೂರದಲ್ಲಿ ನಿಂತರೆ ಬಾಲದ ಬುಡ ಇಪ್ಪತ್ತೇಳು ಅಡಿ ದೂರಕ್ಕೆ ಸರಿಯುತ್ತದೆ. ಆಗ ಒಂದೇ ಅಳತೆಯ ಗಂಟೆ ಎರಡು ಕಡೆಯೂ ಕೆತ್ತಿದ್ದರೆ, ಮುಂದಿನದು ಹಿಂದಿನದಕ್ಕಿಂತ ಹದಿಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಆ ನಂದಿಗೆ ನ್ಯಾಯ ದೊರೆಯಬೇಕಾದರೆ ಹತ್ತು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲಬೇಕು. ಆದರೆ ಪಾಂಡವಪುರದ ಕುಂತಿಬೆಟ್ಟದ ಬಂಡೆಯೊಂದರ ಬಿರುಕು, ಮೇಲುಕೋಟೆಯ ಕಲ್ಯಾಣಿಯ ಒಂದು ಮೆಟ್ಟಿಲು, ತಲಕಾಡಿನ ಮರಳಿನ ಅಲೆ, ಇವನ್ನು ಹೀಗೆ ಹತ್ತಿರದಿಂದ ಹಿಗ್ಗಿಸಿ ಹಿಂದೆ ಇಡೀ ದಿಗಂತವನ್ನು ಹರಡಿ ತೋರಿಸುವುದು ಈ ಲೆನ್ಸಿಗಲ್ಲದೆ ಬೇರಾವುದಕ್ಕೂ ಸಾಧ್ಯವಿಲ್ಲ. ಅಗಲವಾದ ಲೆನ್ಸು ಹತ್ತಿರ ಹೋಗುವವರದು. ನಮ್ಮ ಊರಿನವರೇ ಆದ ಟಿ. ಎಸ್. ಸತ್ಯನ್ ಅವರು ಜನಸಾಮಾನ್ಯರ ಬದುಕನ್ನು ತೆಗೆದ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದುಂಟು: ಕ್ಯಾಮರಾ ಹಿಡಿದವರು ಎಷ್ಟು ಹತ್ತಿರ ಹೋಗಲು ಬಲ್ಲರೆಂಬುದರಲ್ಲಿಯೇ ಅರ್ಧ ಕಲೆ ಇದೆ. ಕಲ್ಲಿನ ವಿಷಯದಲ್ಲಿಯೂ ಅದು ಸತ್ಯವೇ.

ಶಿಷ್ಯೆ: ಇಷ್ಟು ಹತ್ತಿರದ ಬಂಡೆಯೂ ದೂರದ ದಿಗಂತವೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆಯೆ?

ಮೇಷ್ಟ್ರು: ಹಗಲಿನಲ್ಲಿ ಸಲೀಸಾಗಿ ಬರುತ್ತವೆ. 10 ಮಿಲಿಮೀಟರಿನಲ್ಲಿ ಎಫ್ 8ಕ್ಕೆ ಇಟ್ಟು ಸುಮಾರು 65 ಸೆಂಟಿಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದಡಿಗಿಂತ ಸ್ವಲ್ಪ ಆಚೆಯಿಂದ ಹಿಡಿದು ಅನಂತದವರೆಗೆ ಎಲ್ಲವೂ ನಿಚ್ಚಳವಾಗಿರುತ್ತದೆ. ಹಗಲಿನ ಭೂದೃಶ್ಯಕ್ಕೆ ಎಫ್ 8ರ ಆಸುಪಾಸಿನಲ್ಲೇ ನೀನು ಇರುವುದರಿಂದ, ಲೆನ್ಸಿನ ಕಿಂಡಿ ಎಷ್ಟು ದೊಡ್ಡದಾಗಿ ತೆರೆಯಬಲ್ಲುದೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹಗಲಿಗೆ ಮಾತ್ರವಾದರೆ ನಿಕಾನಿನವರೇ 2017ರಲ್ಲಿ ಹೊರತಂದ 10–20 ಮಿಲಿಮೀಟರಿನ ಪುಟ್ಟ ಲೆನ್ಸು ಧಾರಾಳವಾಗಿ ಸಾಕು. ತೂಕ ಕಾಲು ಕಿಲೋಗಿಂತ ಕಡಿಮೆ, ಕೈನಡುಕವನ್ನು ತಡೆಯುವ ವ್ಯವಸ್ಥೆ ಉಂಟು, ಬೆಲೆಯೂ ಸೌಮ್ಯ. ಅದರ ಒಳಗಿನ ಮೋಟಾರು ಹೊಸ ಬಗೆಯದಾದುದರಿಂದ ಹಳೆಯ ಕ್ಯಾಮರಾಗಳಲ್ಲಿ ಫೋಕಸ್ ಆಗುವುದಿಲ್ಲ. ನಿನ್ನ ಡಿ5300ರಲ್ಲಿ ಫರ್ಮ್‌ವೇರನ್ನು ಹೊಸದಾಗಿಸಿದರೆ ಆಗುತ್ತದೆ. ಪೋಲರೈಸರ್ ಫಿಲ್ಟರನ್ನು ಮಾತ್ರ ಅದಕ್ಕೆ ಹಾಕಬೇಡ: ನೂರು ಡಿಗ್ರಿ ಅಗಲದ ಆಕಾಶದಲ್ಲಿ ಧ್ರುವೀಕರಣ ಎಲ್ಲ ಕಡೆಯೂ ಒಂದೇ ಸಮನಾಗಿರದೆ, ನೀಲಿಯ ನಡುವೆ ಒಂದು ಕಪ್ಪು ಪಟ್ಟೆ ಬಂದು ನಿಲ್ಲುತ್ತದೆ.

ಶಿಷ್ಯೆ: ಆ ಲೆನ್ಸನ್ನೇ ನಾನೂ ನೋಡಿಕೊಂಡು ಬಂದಿದ್ದೆ. ಅದರಲ್ಲೇ ರಾತ್ರಿಯ ಆಕಾಶವನ್ನೂ ತೆಗೆಯಬಹುದಲ್ಲವೆ?

ಮೇಷ್ಟ್ರು: ಇಲ್ಲಿ ನಿಲ್ಲು. ರಾತ್ರಿಯಾದೊಡನೆ ಲೆಕ್ಕವೇ ಬೇರೆ. ಎಫ್ ಸಂಖ್ಯೆ ಎಂದರೇನು?

ಶಿಷ್ಯೆ: ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ.

ಮೇಷ್ಟ್ರು: ಹಾಗಾದರೆ ಆ ಹೊಸ ಲೆನ್ಸಿನಲ್ಲಿ, 10 ಮಿಲಿಮೀಟರಿನಲ್ಲಿ ಎಫ್ 4.5 ಎಂದರೆ ಕಿಂಡಿ ಎಷ್ಟು? ನಿನ್ನ ಮನೆಯಲ್ಲಿರುವ ಹಳೆಯ ಲೆನ್ಸಿನಲ್ಲಿ, 18 ಮಿಲಿಮೀಟರಿನಲ್ಲಿ ಎಫ್ 3.5 ಎಂದರೆ ಎಷ್ಟು?

ಶಿಷ್ಯೆ: ಮೊದಲನೆಯದು 2.2 ಮಿಲಿಮೀಟರ್. ಎರಡನೆಯದು… 5.1! ಹಳೆಯದರ ಕಿಂಡಿಯೇ ಎರಡು ಪಟ್ಟಿಗಿಂತ ಅಗಲ.

ಮೇಷ್ಟ್ರು: ವಿಸ್ತೀರ್ಣದಲ್ಲಿ ಐದು ಪಟ್ಟಿಗೂ ಹೆಚ್ಚು. ನಕ್ಷತ್ರವೆಂಬುದು ಬಿಂದು; ಎಷ್ಟೇ ಸಂಗಮದೂರದ ಲೆನ್ಸಿಟ್ಟರೂ ಅದು ಬಿಂದುವಾಗಿಯೇ ಬೀಳುವುದರಿಂದ, ಅದರ ಬೆಳಕು ಎಷ್ಟು ಸೇರಿತೆಂಬುದನ್ನು ಕಿಂಡಿಯ ವಿಸ್ತೀರ್ಣವೊಂದೇ ನಿರ್ಣಯಿಸುತ್ತದೆ. ಆದಕಾರಣ ಸಾವಿರಾರು ರೂಪಾಯಿ ತೆತ್ತು ತಂದ ಹೊಸ ಲೆನ್ಸು, ಅಷ್ಟೇ ಕಾಲ ತೆರೆದಿಟ್ಟಾಗ, ಪುಕ್ಕಟೆಯಾಗಿ ಬಂದ ಹಳೆಯ ಲೆನ್ಸಿಗಿಂತ ಮಂಕಾದ ನಕ್ಷತ್ರಗಳನ್ನು ಕೊಡುತ್ತದೆ. ಅಗಲವಾದ ಲೆನ್ಸೆಲ್ಲ ಆಕಾಶಕ್ಕೆ ಒಳ್ಳೆಯದೆಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಶಿಷ್ಯೆ: ಆದರೆ ಆಕಾಶಗಂಗೆ ಬಿಂದುವಲ್ಲವಲ್ಲ, ಮೇಷ್ಟ್ರೇ, ಅದು ಹರಡಿದ ಬೆಳಕು.

ಮೇಷ್ಟ್ರು: ಒಳ್ಳೆಯ ಪ್ರಶ್ನೆ, ನಿನ್ನಿಂದ ಅದನ್ನೇ ನಿರೀಕ್ಷಿಸಿದ್ದೆ. ಹರಡಿದ ಬೆಳಕಿಗೆ ಕಿಂಡಿಯೊಂದೇ ಸಾಲದು, ಅದು ಎಷ್ಟು ಅಗಲಕ್ಕೆ ಹರಡಿಕೊಂಡು ಬೀಳುತ್ತದೆಂಬುದೂ ಲೆಕ್ಕಕ್ಕೆ ಬರುತ್ತದೆ. ಆಗ ಎಫ್ ಸಂಖ್ಯೆಯೇ ನಿಯಾಮಕ. ಎಫ್ 4.5ಕ್ಕಿಂತ ಎಫ್ 2.8ರಲ್ಲಿ ಆಕಾಶಗಂಗೆ ಎರಡೂವರೆ ಪಟ್ಟು ಉಜ್ಜ್ವಲವಾಗಿ ಬೀಳುತ್ತದೆ. ನಿನ್ನ ಎಫ್ 3.5ಕ್ಕಿಂತಲಾದರೆ ಒಂದೂವರೆ ಪಟ್ಟು. ಹೀಗೆ ಆಕಾಶದ ಚಿತ್ರಕ್ಕೆ ಎರಡು ಬೇಡಿಕೆಗಳು: ತಾರೆಗಳಿಗಾಗಿ ಮಿಲಿಮೀಟರಿನಲ್ಲಿ ಅಗಲವಾದ ಕಿಂಡಿ, ಕ್ಷೀರಪಥದ ಹೊಗರಿಗಾಗಿ ಚಿಕ್ಕ ಎಫ್ ಸಂಖ್ಯೆ. ಇವೆರಡನ್ನೂ ಎದುರಿಗಿಟ್ಟುಕೊಂಡು ಮಾರುಕಟ್ಟೆಯಲ್ಲಿರುವುದನ್ನು ತೂಗಿದರೆ ಹೆಚ್ಚು ಲೆನ್ಸುಗಳು ಉಳಿಯುವುದಿಲ್ಲ.

ಶಿಷ್ಯೆ: ಸ್ಯಾಮ್ಯಾಂಗ್ 14 ಮಿಲಿಮೀಟರ್ ಎಫ್ 2.8 ಬಡವರ ಆಕಾಶದ ಲೆನ್ಸೆಂದು ಕೇಳಿದ್ದೇನೆ.

ಮೇಷ್ಟ್ರು: ಆ ಕೀರ್ತಿ ಅದಕ್ಕೆ ಸಲ್ಲತಕ್ಕದ್ದೇ. ಕಿಂಡಿ 5 ಮಿಲಿಮೀಟರ್. ಫೋಕಸನ್ನು ಕೈಯಿಂದಲೇ ತಿರುಗಿಸಿಕೊಳ್ಳಬೇಕು. ರಾತ್ರಿಯಲ್ಲಿ ಹೇಗೂ ಕೈಯಿಂದಲೇ ಮಾಡಬೇಕಾದುದರಿಂದ ಅದೇನೂ ಕುಂದಲ್ಲ. ಆ ಬೆಲೆಗೆ ಅದರ ದೊಡ್ಡ ಗುಣ ಚಿತ್ರದ ಮೂಲೆಗಳಲ್ಲಿದೆ. ಕಿಂಡಿಯನ್ನು ಪೂರ್ತಿ ತೆರೆದಾಗ ಅನೇಕ ಅಗಲ ಲೆನ್ಸುಗಳಲ್ಲಿ ಮೂಲೆಯ ನಕ್ಷತ್ರಗಳು ಬಿಂದುವಾಗಿ ಉಳಿಯದೆ, ರೆಕ್ಕೆ ಬಿಚ್ಚಿದ ಹಕ್ಕಿಗಳ ಹಾಗೆ ಎರಡು ಕಡೆಗೂ ಚಾಚಿಕೊಳ್ಳುತ್ತವೆ; ಕೋಮಾ ಎಂಬ ಈ ವಿಪಥನ ಸ್ಯಾಮ್ಯಾಂಗಿನಲ್ಲಿ ಅಲ್ಪ. ಅದರ ದೋಷವಿರುವುದು ಸರಳರೇಖೆಗಳಲ್ಲಿ: ಕೆ.ಆರ್.ಎಸ್. ಹಿನ್ನೀರಿನ ದಿಗಂತವನ್ನು ಅದರಿಂದ ತೆಗೆದರೆ ಗೆರೆ ನಡುವೆ ಉಬ್ಬಿ ತುದಿಗಳಲ್ಲಿ ಮತ್ತೆ ತಿರುಚಿಕೊಂಡು ಮೀಸೆಯ ಆಕೃತಿಗೆ ಬರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿಕೊಳ್ಳಬೇಕು. ಆಕಾಶದಲ್ಲಿ ಸರಳರೇಖೆಗಳೇ ಇಲ್ಲವಾದುದರಿಂದ ಅಲ್ಲಿ ಇದು ಬಾಧಿಸದು. ಮುಂಗಾಜು ಗೋಳವಾಗಿ ಹೊರಕ್ಕೆ ಉಬ್ಬಿರುವುದರಿಂದ ಫಿಲ್ಟರ್ ತಿರುಚಿ ಹಾಕಲು ಎಡೆಯಿಲ್ಲ, ಬಂಡೆಗೆ ತಾಗಿದರೆ ಗೀರು ಬೀಳುವುದೂ ಬೇಗ. ಆದರೆ ನಿನಗೆ ಬೇಡವೆನ್ನಲು ನನಗಿರುವ ಮುಖ್ಯ ಕಾರಣ ಬೇರೆ. ಆ ಲೆನ್ಸು ಫುಲ್‌ಫ್ರೇಮ್ ಸೆನ್ಸರಿಗಾಗಿ ರಚಿತವಾದದ್ದು; ಅಲ್ಲಿ ಅದು 114 ಡಿಗ್ರಿ ಕಾಣುತ್ತದೆ. ನಿನ್ನ ಚಿಕ್ಕ ಸೆನ್ಸರಿನಲ್ಲಿ ಅದರ ನೋಟ ಫುಲ್‌ಫ್ರೇಮಿನ 21 ಮಿಲಿಮೀಟರಿಗೆ ಸಮನಾಗಿಬಿಡುತ್ತದೆ. ನೀನು ಹಣ ಕೊಟ್ಟ ಗಾಜಿನ ಬಹುಭಾಗ ನಿನಗೆ ಉಪಯೋಗಕ್ಕೇ ಬರುವುದಿಲ್ಲ.

ಶಿಷ್ಯೆ: ಹಾಗಾದರೆ ನನ್ನ ಸೆನ್ಸರಿನ ಅಳತೆಗೇ ಮಾಡಿದ, ಎಫ್ 2.8ರ ಲೆನ್ಸು?

ಮೇಷ್ಟ್ರು: ಟೋಕಿನಾದವರ 11–16 ಮಿಲಿಮೀಟರ್ ಎಫ್ 2.8. 2008ರ ಸುಮಾರಿಗೆ ಬಂದದ್ದು. ಬಳಸಿದ ಲೆನ್ಸುಗಳ ಮಾರುಕಟ್ಟೆಯಲ್ಲಿ ನಿನ್ನ ಹಣಕ್ಕೆ ಎಟುಕಬಹುದಾದದ್ದು. ಇದರಲ್ಲೊಂದು ಸೂಕ್ಷ್ಮವಿದೆ, ಅದು ನಿನಗೆ ಅನುಕೂಲವೇ. ಮೊದಲ ಆವೃತ್ತಿಯ ಒಳಗೆ ಫೋಕಸಿನ ಮೋಟಾರಿಲ್ಲ. ನಿನ್ನ ಕ್ಯಾಮರಾದ ಒಳಗೂ ಇಲ್ಲ. ಆದ್ದರಿಂದ ಅದು ನಿನ್ನಲ್ಲಿ ತಾನಾಗಿ ಫೋಕಸ್ ಆಗದು. 2012ರ ಎರಡನೆಯ ಆವೃತ್ತಿಯಲ್ಲಿ ಮೋಟಾರನ್ನು ಸೇರಿಸಿದರು. ಈ ಒಂದು ಕೊರತೆಗಾಗಿ ಹಲವರು ಮೊದಲನೆಯದನ್ನು ಮುಟ್ಟದಿರುವುದರಿಂದ ಅದು ಅಗ್ಗಕ್ಕೆ ದೊರೆಯುವ ಸಂಭವ ಹೆಚ್ಚು. ಬಂಡೆ, ನೀರು, ನಕ್ಷತ್ರ ಇವುಗಳಲ್ಲಿ ಯಾವುದೂ ಓಡಿಹೋಗುವಂಥದಲ್ಲವಾದುದರಿಂದ ಕೈಯಿಂದ ಫೋಕಸ್ ಮಾಡುವುದೇ ನಿನಗೆ ಕ್ಷೇಮ. ಸೂರ್ಯನೋ ಬೀದಿದೀಪವೋ ಎದುರಿಗಿದ್ದರೆ ಬೆಳಕು ಒಳಗೆ ಚದುರುತ್ತದೆ, ರೆಂಬೆಗಳ ಅಂಚಿನಲ್ಲಿ ಕೆನ್ನೀಲಿ ಬಣ್ಣ ಹತ್ತುತ್ತದೆ. ಇವೆರಡು ದೋಷಗಳನ್ನು ತಿಳಿದೇ ಕೊಳ್ಳತಕ್ಕದ್ದು. ಕಿಂಡಿಯ ಲೆಕ್ಕ ನೀನೇ ಮಾಡು.

ಶಿಷ್ಯೆ: 11ರಲ್ಲಿ 3.9, 16ರಲ್ಲಿ 5.7 ಮಿಲಿಮೀಟರ್. ಅಂದರೆ ಭೂಮಿಗೆ 11, ಆಕಾಶಕ್ಕೆ 16ರ ಕಡೆ ಒಳ್ಳೆಯದೆಂದಾಯಿತು.

ಮೇಷ್ಟ್ರು: ಒಂದೇ ಲೆನ್ಸಿನ ಎರಡು ತುದಿಗಳಲ್ಲಿ ನಿನ್ನ ಎರಡು ಆಸೆಗಳು. ಇದಕ್ಕಾಗಿಯೇ ನಾನು ಇದನ್ನು ಎತ್ತಿಹಿಡಿಯುವುದು.

ಶಿಷ್ಯೆ: ನಕ್ಷತ್ರಗಳು ಗೆರೆಯಾಗದಂತೆ ಎಷ್ಟು ಹೊತ್ತು ತೆರೆದಿಡಬಹುದು? 500ನ್ನು ಸಂಗಮದೂರದಿಂದ, ನನ್ನ ಸೆನ್ಸರಿಗಾದರೆ ಅದರ ಒಂದೂವರೆಯಿಂದ, ಭಾಗಿಸಬೇಕೆಂದು ಓದಿದ್ದೇನೆ. 11ಕ್ಕೆ 30 ಸೆಕೆಂಡು ಬರುತ್ತದೆ.

ಮೇಷ್ಟ್ರು: ಆ ಸೂತ್ರವನ್ನು ಒಮ್ಮೆ ಬಿಚ್ಚಿ ನೋಡೋಣ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 30 ಸೆಕೆಂಡಿಗೆ ಡಿಗ್ರಿಯ ಎಂಟನೆಯ ಒಂದು ಪಾಲು. 11 ಮಿಲಿಮೀಟರ್ ಲೆನ್ಸಿನ ಹಿಂದೆ ಅದು ಒಂದು ಮಿಲಿಮೀಟರಿನ ಸಾವಿರದಲ್ಲಿ 24 ಪಾಲಾಗಿ ಸರಿಯುತ್ತದೆ. ನಿನ್ನ ಸೆನ್ಸರಿನ ಒಂದೊಂದು ಪಿಕ್ಸೆಲಿನ ಅಗಲ ಅಂಥ ನಾಲ್ಕು ಪಾಲು. ಅಂದರೆ ನಕ್ಷತ್ರ ಆರು ಪಿಕ್ಸೆಲುಗಳ ಉದ್ದಕ್ಕೆ ಎಳೆದುಕೊಂಡಿತು. ಯಾವ ಲೆನ್ಸಿಗೆ ಹಚ್ಚಿದರೂ ಆ ಸೂತ್ರ ಇದೇ ಆರನ್ನು ಕೊಡುತ್ತದೆ, ಏಕೆಂದರೆ ಅದು ಇಷ್ಟು ಸಣ್ಣ ಪಿಕ್ಸೆಲುಗಳನ್ನು ಎಣಿಕೆಗೆ ತಂದುಕೊಂಡುದೇ ಅಲ್ಲ. ಅದರ ಅರ್ಧವನ್ನು ನಂಬು: 11ಕ್ಕೆ 15 ಸೆಕೆಂಡು, 16ಕ್ಕೆ ಹತ್ತು.

ಶಿಷ್ಯೆ: ಹತ್ತು ಸೆಕೆಂಡಿನಲ್ಲಿ ಬೆಳಕು ಸಾಲದೆ ಹೋದರೆ?

ಮೇಷ್ಟ್ರು: ಐಎಸ್‌ಒ ಏರಿಸು, ಒಂದೇ ನೋಟವನ್ನು ಹತ್ತಾರು ಬಾರಿ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದನ್ನು ಹೊಂದಿಸಿ ಸರಾಸರಿ ತೆಗೆದರೆ ಕಾಳುಕಾಳಾದ ನಾಯ್ಸ್ ಇಳಿಯುತ್ತದೆ. ಅದು ಕೇವಲ ತಾಳ್ಮೆಯ ಕೆಲಸ, ಖರ್ಚಿಲ್ಲ. ಇನ್ನೊಂದು ಮಾರ್ಗವೂ ಉಂಟು. ನಿಕಾನಿನ 35 ಮಿಲಿಮೀಟರ್ ಎಫ್ 1.8 ಲೆನ್ಸು ಇವೆಲ್ಲಕ್ಕಿಂತ ಅಗ್ಗ. ಅದರ ಕಿಂಡಿ 19 ಮಿಲಿಮೀಟರಿಗೂ ಹೆಚ್ಚು, ನಿನ್ನ ಹಳೆಯ ಲೆನ್ಸಿನ ಹದಿನಾಲ್ಕು ಪಟ್ಟು ವಿಸ್ತೀರ್ಣ. ಆಕಾಶವನ್ನು ತುಂಡುತುಂಡಾಗಿ ತೆಗೆದು ಜೋಡಿಸಿದರೆ, ಯಾವ ಅಗಲ ಲೆನ್ಸೂ ಸರಿಗಟ್ಟಲಾರದ ತಾರಾಸಮೃದ್ಧಿಯನ್ನು ಅದು ಕೊಡುತ್ತದೆ. ಆಕಾಶವೊಂದೇ ನಿನ್ನ ಬಯಕೆಯಾಗಿದ್ದರೆ ಬೇರೆ ಮಾತಿಲ್ಲದೆ ಅದನ್ನೇ ಕೊಳ್ಳೆಂದು ಹೇಳುತ್ತಿದ್ದೆ.

ಶಿಷ್ಯೆ: ಆಕಾಶವೊಂದೇ ಅಲ್ಲ, ಮೇಷ್ಟ್ರೇ. ನಿಂತ ನೆಲವೂ ಬೇಕು. ನಾನು ಪಾಠ ಹೇಳುವ ಮಕ್ಕಳು ಆಕಾಶಗಂಗೆಯ ಚಿತ್ರಗಳನ್ನು ಮೊಬೈಲಿನಲ್ಲಿ ಬೇಕಾದಷ್ಟು ಕಂಡಿದ್ದಾರೆ; ಆದರೆ ಅದು ಎಲ್ಲಿಯೋ ಬೇರೆ ದೇಶದಲ್ಲಿರುವ ವಸ್ತುವೆಂದೇ ತಿಳಿದಿದ್ದಾರೆ. ತಾವು ಕಂಡ ಬಂಡೆ, ತಾವು ಹತ್ತಿದ ಮೆಟ್ಟಿಲು ಕೆಳಗಿದ್ದು ಮೇಲೆ ಅದು ಇದ್ದರೆ, ಇದು ನಮ್ಮದೂ ಹೌದೆಂದು ಅವರಿಗೆ ತಿಳಿಯುತ್ತದೆ.

ಮೇಷ್ಟ್ರು: ಈ ಮಾತು ನನಗೆ ಬಹಳ ಹಿಡಿಸಿತು. ನಿಜ ಹೇಳಬೇಕೆಂದರೆ ಆ ಆಕಾಶಗಂಗೆ ಇತರ ಅನೇಕ ದೇಶಗಳಿಗಿಂತ ನಮ್ಮದೇ ಹೆಚ್ಚು. ಅದರ ಕೇಂದ್ರ ಮೂಲಾ ನಕ್ಷತ್ರದ ಬಳಿ, ಖಗೋಳದ ವಿಷುವದ್ವೃತ್ತಕ್ಕೆ 29 ಡಿಗ್ರಿ ದಕ್ಷಿಣದಲ್ಲಿದೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದುದರಿಂದ ಇಲ್ಲಿ ಅದು ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನಲ್ಲಿ ಹತ್ತು ಡಿಗ್ರಿಯೂ ಏರದು. ಪ್ರಕೃತಿ ನಮಗೆ ಇಷ್ಟು ಔದಾರ್ಯ ತೋರಿಸಿರುವಾಗ, ಅಡ್ಡಿ ಬರುವುದು ನಮ್ಮ ದೀಪಗಳಿಂದ ಮತ್ತು ಮಳೆಗಾಲದಿಂದ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದು ರಾತ್ರಿಯ ಪ್ರಶಸ್ತ ಕಾಲದಲ್ಲಿ ಎತ್ತರದಲ್ಲಿದ್ದರೂ ಮೋಡ ಅದನ್ನು ಬಹುಪಾಲು ಮುಚ್ಚಿಬಿಡುತ್ತದೆ. ನಮಗುಳಿಯುವುದು ಈಗಿನಿಂದ ಮೇ ತಿಂಗಳವರೆಗಿನ ಬೆಳಗಿನ ಜಾವಗಳು. ಚಂದ್ರನಿಲ್ಲದ ರಾತ್ರಿಗೆ ಪಂಚಾಂಗವೇ ಸಾಕು: ಶಿವರಾತ್ರಿ ಬರುವುದೇ ಬಹುಳ ಚತುರ್ದಶಿಯಂದು, ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಶಿವರಾತ್ರಿಯ ಜಾಗರಣೆಯ ಕೊನೆಯ ಯಾಮದಲ್ಲಿ, ಮೂರೂವರೆಯಿಂದ ಐದೂಕಾಲರವರೆಗೆ, ಆಗ್ನೇಯ ದಿಕ್ಕಿನಲ್ಲಿ ಆಕಾಶಗಂಗೆಯ ನಡುಭಾಗ ಮೇಲಕ್ಕೆ ಬಂದಿರುತ್ತದೆ.

ಶಿಷ್ಯೆ: ಮೇಲುಕೋಟೆಗೆ ಹೋಗೋಣವೆಂದು ಗೆಳತಿಯರು ಹೇಳುತ್ತಿದ್ದಾರೆ.

ಮೇಷ್ಟ್ರು: ಮೇಲುಕೋಟೆಯ ಮೇಲೆ ನನಗೆ ಅಪಾರ ಪ್ರೀತಿ, ಆದರೆ ಈ ಕೆಲಸಕ್ಕೆ ಅದು ತಕ್ಕುದಲ್ಲ. ಅಲ್ಲಿ ನಿಂತು ಆಗ್ನೇಯಕ್ಕೆ ಮುಖ ಮಾಡಿದರೆ ಎದುರಿಗೆ ಮಂಡ್ಯ, ನೇರ ದಕ್ಷಿಣಕ್ಕೆ ಮೈಸೂರು. ಎರಡು ಊರುಗಳ ಬೆಳಕೂ ನೀನು ತೆಗೆಯಬೇಕೆಂದಿರುವ ಆಕಾಶದ ಬುಡದಲ್ಲಿಯೇ ಹೊಗೆಯಾಡುತ್ತದೆ. ಮೈಸೂರಿನ ದಕ್ಷಿಣಕ್ಕೆ ಹೋಗು. ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯ ಕಡೆಗೆ ಹೋದರೆ ಊರುಗಳ ದೀಪ ಬೆನ್ನಿಗೆ ಬೀಳುತ್ತದೆ, ಎದುರಿಗೆ ಕಾಡು ಕಪ್ಪಾಗಿರುತ್ತದೆ. ಕಾಡಿನೊಳಕ್ಕಲ್ಲ, ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಕಾಡಂಚಿನ ಹೊಲಗಳಿಗೆ ಆನೆ ಇಳಿಯುವುದೂ ಇದೆ. ಅಂಚಿನಿಂದ ಸಾಕಷ್ಟು ಈಚೆಗೆ, ಪರಿಚಯದ ರೈತರ ಹೊಲದಲ್ಲಿ, ಅವರ ಅಪ್ಪಣೆ ಪಡೆದು, ಗುಂಪಾಗಿ ಹೋಗಬೇಕು.

ಶಿಷ್ಯೆ: ನನ್ನ ಸಹೋದ್ಯೋಗಿಯೊಬ್ಬರ ಮನೆಯವರ ಹೊಲ ಬೇಗೂರಿನ ಹತ್ತಿರ ಇದೆ, ಕೇಳುತ್ತೇನೆ. ಆದರೆ ಬಳಸಿದ ಲೆನ್ಸೆಂದರೆ ನನಗೆ ಭಯ. ಅದರ ಹುಳುಕನ್ನು ಕಂಡುಹಿಡಿಯುವುದು ಹೇಗೆ?

ಮೇಷ್ಟ್ರು: ಅದಕ್ಕೆ ಎರಡು ಕೈ ಮತ್ತು ಒಂದು ಮೊಬೈಲಿನ ಟಾರ್ಚು ಸಾಕು. ಲೆನ್ಸನ್ನು ಕ್ಯಾಮರಾದಿಂದ ಬಿಡಿಸಿ ಹಿಂಬದಿಯನ್ನು ನಿನ್ನ ಕಡೆಗೆ ತಿರುಗಿಸು. ಲೋಹದ ಉಂಗುರದ ಒಳ ಅಂಚಿನಲ್ಲಿ ಒಂದು ಸಣ್ಣ ಸನ್ನೆ ಇರುತ್ತದೆ. ಬೆರಳಿನಿಂದ ಅದನ್ನು ತಳ್ಳಿದರೆ ಒಳಗಿನ ಒಂಬತ್ತು ಎಲೆಗಳು ಹಿಂಜರಿದು ಕಿಂಡಿ ಪೂರ್ತಿ ತೆರೆಯಬೇಕು. ಬಿಟ್ಟೊಡನೆ ತಟಕ್ಕನೆ ಮುಚ್ಚಿಕೊಳ್ಳಬೇಕು. ನಿಧಾನವಾಗಿ, ಸೋಮಾರಿತನದಿಂದ ಮುಚ್ಚಿದರೆ ಎಲೆಗಳಿಗೆ ಎಣ್ಣೆ ಇಳಿದಿದೆಯೆಂದು ತಿಳಿ. ಆ ಸನ್ನೆಯನ್ನು ತಳ್ಳಿ ಹಿಡಿದುಕೊಂಡೇ ಟಾರ್ಚಿನ ಬೆಳಕನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡು. ನಾಲ್ಕಾರು ಧೂಳಿನ ಕಣಗಳಿದ್ದರೆ ಅವು ಚಿತ್ರಕ್ಕೆ ಏನನ್ನೂ ಮಾಡವು. ಆದರೆ ಗಾಜಿನ ಅಂಚಿನಿಂದ ಹೊರಟು ಕವಲೊಡೆದು ಹಬ್ಬಿದ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು ಕೊಡಗುಗಳ ಮಳೆಯಲ್ಲಿ ಬೀರುವಿನೊಳಗೆ ಚರ್ಮದ ಚೀಲದಲ್ಲಿ ಕಟ್ಟಿಟ್ಟ ಲೆನ್ಸುಗಳಿಗೆ ಬರುವ ರೋಗ. ಎಷ್ಟು ಅಗ್ಗವಾದರೂ ಅದನ್ನು ಕೆಳಗಿಟ್ಟು ನಮಸ್ಕಾರ ಹೇಳಿ ಬಾ. ಟೋಕಿನಾದ ಫೋಕಸ್ ಉಂಗುರವನ್ನು ಕ್ಯಾಮರಾದ ಕಡೆಗೆ ಎಳೆದರೆ ಕಟಕ್ಕೆಂದು ಕೂತು ಕೈಫೋಕಸಿಗೆ ಬರಬೇಕು, ಮುಂದಕ್ಕೆ ತಳ್ಳಿದರೆ ಬಿಟ್ಟುಕೊಳ್ಳಬೇಕು. ಮಧ್ಯದಲ್ಲಿ ತೊಡರಿದರೆ ಕೊಳ್ಳಬೇಡ.

ಶಿಷ್ಯೆ: ಒಳಗಿನ ಗಾಜು ಓರೆಯಾಗಿದ್ದರೆ?

ಮೇಷ್ಟ್ರು: ಅದು ಕಣ್ಣಿಗೆ ಕಾಣದು, ಚಿತ್ರವೇ ಹೇಳಬೇಕು. ಕತ್ತಲಾದ ಮೇಲೆ ಮಾರುವವರ ಮನೆಯ ಹತ್ತಿರವೇ ದೂರದ ಒಂದು ಬೀದಿದೀಪವನ್ನು ಆರಿಸಿಕೊಂಡು, ಎಫ್ 2.8ರಲ್ಲಿ, ಆ ದೀಪವನ್ನು ಚಿತ್ರದ ನಾಲ್ಕು ಮೂಲೆಗಳಿಗೂ ಒಂದಾದ ಮೇಲೊಂದರಂತೆ ತಂದು ತೆಗೆ. ನಾಲ್ಕು ಕಡೆಯೂ ಸ್ವಲ್ಪ ಕೆಟ್ಟಿದ್ದರೆ ಅದು ಆ ಲೆನ್ಸಿನ ಜಾಯಮಾನ. ಮೂರು ಕಡೆ ಚೆನ್ನಾಗಿದ್ದು ಒಂದು ಮೂಲೆಯಲ್ಲಿ ಮಾತ್ರ ದೀಪ ಹರಿದುಹೋಗಿದ್ದರೆ ಆ ಲೆನ್ಸು ಎಂದೋ ಕೆಳಕ್ಕೆ ಬಿದ್ದಿರಬೇಕು. ಇಷ್ಟನ್ನು ನೋಡಲು ಬಿಡದವರ ಹತ್ತಿರ ವ್ಯಾಪಾರವೇ ಬೇಡ. ಉಳಿಸಿದ ಹಣದಲ್ಲಿ ಗಟ್ಟಿಯಾದ ಟ್ರೈಪಾಡನ್ನು ಕೊಳ್ಳು. ನಡುಗುವ ಕಾಲಿನ ಮೇಲೆ ಎಂಥ ಲೆನ್ಸೂ ವ್ಯರ್ಥ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆ ಇಡು.

ಶಿಷ್ಯೆ: ಶಿವರಾತ್ರಿಗೆ ಮುಂಚೆಯೇ ಕೊಂಡುಬಿಡಲೇ?

ಮೇಷ್ಟ್ರು: ಬೇಡ. ಟ್ರೈಪಾಡನ್ನು ಮಾತ್ರ ಮೊದಲೇ ಕೊಂಡು, ಶಿವರಾತ್ರಿಗೆ ನಿನ್ನ 18–55ನ್ನೇ ಕೊಂಡೊಯ್ಯಿ. ಕ್ಯಾಮರಾವನ್ನು ನಿಲುವಾಗಿ ತಿರುಗಿಸಿದರೆ 18 ಮಿಲಿಮೀಟರ್ ಮೇಲಿನಿಂದ ಕೆಳಕ್ಕೆ 66 ಡಿಗ್ರಿ ಕಾಣುತ್ತದೆ. ಬೆಳಗಿನ ಜಾವ ಐದೂಕಾಲಿಗೆ ಆಕಾಶಗಂಗೆಯ ಕೇಂದ್ರ ಇರುವುದು 37 ಡಿಗ್ರಿ ಎತ್ತರದಲ್ಲಿ. ಆಕಾಶವೂ ಬರುತ್ತದೆ, ದೂರದ ಮರದ ಸಾಲೂ ಬರುತ್ತದೆ. ಬಾರದಿರುವುದು ನಿನ್ನ ಕಾಲ ಬುಡದ ನೆಲ ಮಾತ್ರ. ಆ ಚಿತ್ರವನ್ನು ನಿನ್ನ ಮಕ್ಕಳಿಗೆ ತೋರಿಸು. ಅದರಲ್ಲಿ ಬಂಡೆಯೋ ನೇಗಿಲಸಾಲೋ ಹತ್ತಿರದಲ್ಲಿರಬೇಕಾಗಿತ್ತೆಂದು ನಿನ್ನ ಮನಸ್ಸು ಹೇಳಿದರೆ, ಯುಗಾದಿಯ ಅಮಾವಾಸ್ಯೆಯೊಳಗೆ 11–16ನ್ನು ಹುಡುಕೋಣ. ಲೆನ್ಸು ನೋಡಲು ನಾನೂ ಜೊತೆಗೆ ಬರುತ್ತೇನೆ. ತಾರೆಗಳೇ ಇನ್ನಷ್ಟು ಬೇಕಾಗಿತ್ತೆಂದು ಅನ್ನಿಸಿದರೆ, 35ನ್ನು ಕೊಂಡು ಉಳಿದ ಹಣವನ್ನು ಹಾಗೆಯೇ ಇಟ್ಟುಕೋ.

ಶಿಷ್ಯೆ: ಆ ರಾತ್ರಿ ಹಳೆಯ ಲೆನ್ಸನ್ನು ಹೇಗಿಟ್ಟುಕೊಳ್ಳಲಿ?

ಮೇಷ್ಟ್ರು: 18 ಮಿಲಿಮೀಟರ್, ಎಫ್ 3.5, ಹತ್ತು ಸೆಕೆಂಡು, ಐಎಸ್‌ಒ 3200, ರಾ ಕಡತ. ಕೈನಡುಕ ತಡೆಯುವ ಗುಂಡಿಯನ್ನು ಟ್ರೈಪಾಡಿನ ಮೇಲೆ ಆಫ್ ಮಾಡು. ಫೋಕಸನ್ನು ಕೈಗೆ ಹಾಕಿ, ಪರದೆಯ ಮೇಲೆ ಒಂದು ಪ್ರಕಾಶಮಾನವಾದ ನಕ್ಷತ್ರವನ್ನು ದೊಡ್ಡದು ಮಾಡಿಕೊಂಡು (ಜ್ಯೇಷ್ಠಾ ಆಗ ಚೆನ್ನಾಗಿ ಮೇಲಿರುತ್ತದೆ) ಅದು ಅತ್ಯಂತ ಚಿಕ್ಕ ಬಿಂದುವಾಗುವವರೆಗೆ ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸು. ಆಮೇಲೆ ಅಲುಗದಂತೆ ಒಂದು ತುಂಡು ಟೇಪು ಅಂಟಿಸು. ಆ ಹೊತ್ತಿನಲ್ಲಿ ಇಬ್ಬನಿ ಬೀಳುತ್ತದೆ. ನಡುನಡುವೆ ಮುಂಗಾಜನ್ನು ನೋಡುತ್ತಿರು, ಒಣಬಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗು.